ಮರದ ಮೇಲಿನದೂ ಎರಡು

ಭಾವ ಪಾಠ ಹೇಳಲು ಹೋಗುವ ತಂಡಗಳ ಪಟ್ಟಿಯಲ್ಲಿ ಈ ಸೋಮವಾರ ತಮ್ಮದೇ ತಂಡ ಇದೆ ಎಂದು ಮೇಸ್ತ್ರಿ ಹೇಳಿದಾಗ ತುದಿಯಣ್ಣ ಕೈಗರಗಸಕ್ಕೆ ಅರ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ಚೂಪಾಗಿದ್ದ ಹಲ್ಲನ್ನೇ ಮತ್ತೆ ಮತ್ತೆ ಉಜ್ಜುತ್ತ ಅದನ್ನು ಮೊಂಡು ಮಾಡಿಟ್ಟ.

ತುದಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿ ಬದಿಯ ಮರಗಳ ಕೊಂಬೆ ಕಡಿಯುವ ಆ ನಾಲ್ವರ ತಂಡದಲ್ಲಿ ತುದಿಯವರೆಗೆ ಹತ್ತುವವನು ಅವನೊಬ್ಬನೇ ಆದ್ದರಿಂದ ಬಂದ ಹೆಸರು. ಭಾವ ಅವನ ತಂಗಿಯ ಗಂಡ. ಇವನಿಗೆ ಅವನು ಭಾವ, ಅವನಿಗೆ ಇವನು ಭಾವ. ಯಾರಾದರೂ ತಮಾಷೆಗೆ "ಭಾವಾ" ಎಂದು ಕರೆದರೆ ಇಬ್ಬರೂ ತಿರುಗುತ್ತಿದ್ದರು. ಎಂಟು ತಿಂಗಳ ಹಿಂದೆ ಚಿಪ್ಪರ್ ಭಾವನ ಬಲಗೈಯನ್ನು ಮೊಣಕೈವರೆಗೆ ತೆಗೆದುಕೊಂಡಿತ್ತು. ಆಮೇಲೆ ಕಂಪನಿ ಅವನಿಗೆ ಹಳದಿ ಕೋಟು ಕೊಟ್ಟು, ವಾರಕ್ಕೊಂದು ತಂಡದ ಮುಂದೆ ನಿಲ್ಲಿಸಿ, "ನನ್ನ ತಪ್ಪಿನಿಂದ ಹೀಗಾಯಿತು, ನೀವು ಮಾಡಬೇಡಿ" ಎಂದು ಹೇಳಿಸುತ್ತಿತ್ತು. ಅದೇ ಈಗ ಅವನ ಉದ್ಯೋಗ.

ತಪ್ಪು ಅವನದಲ್ಲ ಎಂದು ತುದಿಯಣ್ಣನಿಗೆ ಗೊತ್ತಿತ್ತು. ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ.

ಚಿಪ್ಪರ್ ಎಂದರೆ ಲಾರಿಯ ಹಿಂದೆ ಕಟ್ಟಿಕೊಂಡು ಹೋಗುವ ಯಂತ್ರ. ಅಗಲ ಬಾಯಿಗೆ ಕೊಂಬೆ ಕೊಟ್ಟರೆ ಎರಡು ಉರುಳೆಗಳು ಅದನ್ನು ಕಚ್ಚಿ ಒಳಗೆಳೆಯುತ್ತವೆ, ಅದರ ಹಿಂದಿನ ಕತ್ತಿಗಳು ಪುಡಿ ಮಾಡಿ ಲಾರಿಗೆ ಉಗುಳುತ್ತವೆ. ತಂಡದವರು ಅದನ್ನು ಹೊಟ್ಟೆಬಾಕ ಎನ್ನುತ್ತಿದ್ದರು. ಏನಾದರೂ ಸಿಕ್ಕಿಕೊಂಡರೆ ಇಂಜಿನ್ ನಿಲ್ಲಿಸಬೇಕು, ಕೀಲಿ ಕಿಸೆಗೆ ಹಾಕಿಕೊಳ್ಳಬೇಕು, ಕತ್ತಿಗಳು ಪೂರ್ತಿ ನಿಂತ ಮೇಲೆ ಕೈ ಹಾಕಬೇಕು ಎಂದು ಅದರ ಮೈಮೇಲೇ ಬರೆದಿದೆ. ದಿನಕ್ಕೆ ಇಪ್ಪತ್ತು ಸಲ ಸಿಕ್ಕಿಕೊಳ್ಳುವ ಯಂತ್ರವನ್ನು ಇಪ್ಪತ್ತು ಸಲ ನಿಲ್ಲಿಸಿದರೆ ಸಂಜೆಗೆ ಮರ ಮುಗಿಯುವುದಿಲ್ಲ ಎಂದು ಬರೆದಿಲ್ಲ. ಹಾಗಾಗಿ ಉರುಳೆಗಳನ್ನು ಮಾತ್ರ ನಿಲ್ಲಿಸುತ್ತಿದ್ದರು. ಮತ್ತೆ ತಿರುಗಿಸುವ ಮೊದಲು ಸನ್ನೆಕೋಲಿನ ಬಳಿ ನಿಂತ ಮೇಸ್ತ್ರಿ "ಕೈ?" ಎಂದು ಕೂಗುತ್ತಿದ್ದ. ಪ್ರತಿಯೊಬ್ಬರೂ ಎರಡೂ ಕೈ ಎತ್ತಿ "ಎರಡು" ಎನ್ನಬೇಕು. ಯಂತ್ರದ ಪಕ್ಕದ ತಗಡು, ರಾಶಿ ಬಿದ್ದ ಸೊಪ್ಪು, ಇವುಗಳ ನಡುವೆ ಮೇಸ್ತ್ರಿಗೆ ಯಾರೂ ಕಾಣುತ್ತಿರಲಿಲ್ಲ. ನಾಲ್ಕು ಉತ್ತರ ಬಂದರೆ ಸಾಕು. ಕೀಲಿಯ ಕೆಲಸವನ್ನು ಬಾಯಿಗೆ ವಹಿಸಿದ್ದರು.

ಪದ್ಧತಿ ತಂದವನು ತಂಡದ ಮುದುಕ. ಹಿಂದೆಲ್ಲೋ ಎಡಗೈಯ ಮೂರು ಬೆರಳು ಕಳೆದುಕೊಂಡಿದ್ದ ಅವನು ತನ್ನ ಸರದಿಯಲ್ಲಿ "ಒಂದೂವರೆ" ಎನ್ನುತ್ತಿದ್ದ. ಹೆಸರೂ ಅದೇ ಆಯಿತು. ತೊಡಕು ಇದ್ದದ್ದು ತುದಿಯಣ್ಣನದು. ಐವತ್ತು ಅಡಿ ಮೇಲೆ ಹಗ್ಗದಲ್ಲಿ ನೇತಾಡುವವನಿಗೆ ಕೆಳಗಿನ ಕೂಗು ಕೇಳುವುದಿಲ್ಲ, ಅವನ ಕೈ ಯಂತ್ರದ ಹತ್ತಿರ ಇರುವುದೂ ಇಲ್ಲ. ಹಾಗೆಂದು ಮೇಸ್ತ್ರಿ ಮೂರಕ್ಕೆ ಒಪ್ಪುವವನಲ್ಲ. ನಾಲ್ಕು ಎಂದರೆ ನಾಲ್ಕು. ಕೊನೆಗೆ ಭಾವ ತನ್ನ "ಎರಡು" ಹೇಳಿ, "ಮರದ ಮೇಲಿನದೂ ಎರಡು" ಎಂದು ಸೇರಿಸತೊಡಗಿದ. ಸ್ವಲ್ಪ ದಿನಕ್ಕೆ ಅಷ್ಟುದ್ದ ಹೇಳಲು ಬೇಸರವಾಗಿ, ತುದಿಯಣ್ಣನ ಮೂಗಿನ ದನಿಯನ್ನೇ ಅಣಕಿಸಿ ಇನ್ನೊಂದು "ಎರಡು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಆ ದಿನ ತುದಿಯಣ್ಣ ಕೆಳಗಿದ್ದ. ಲಾರಿಯ ಆಚೆ ಬದಿಯಲ್ಲಿ ನಿಂತು ಸೊಂಟಪಟ್ಟಿ ಬಿಗಿಯುತ್ತಿದ್ದ. ಹನ್ನೆರಡಕ್ಕೆ ರಸ್ತೆ ಬಿಟ್ಟುಕೊಡಬೇಕಿತ್ತು, ಇನ್ನೂ ಎರಡು ಮರ ಬಾಕಿ. ಮೇಸ್ತ್ರಿ "ಕೈ?" ಎಂದ, ತಾನೇ ಮೊದಲು "ಎರಡು" ಎಂದ. ಮುದುಕ "ಒಂದೂವರೆ" ಎಂದ. ತುದಿಯಣ್ಣ "ಎರಡು" ಎಂದ. ಭಾವನ ದನಿ ಬರಲಿಲ್ಲ. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡು ತುದಿಯಣ್ಣ ಗಂಟಲು ದಪ್ಪ ಮಾಡಿ, ಭಾವನ ಗೊಗ್ಗರು ದನಿಯಲ್ಲಿ, "ಎರಡು" ಎಂದ. ಇಷ್ಟು ದಿನ ಅವನು ತನಗಾಗಿ ಕೂಗಿದ್ದ, ಇವತ್ತು ತಾನು ಅವನಿಗಾಗಿ. ಹೇಳಿ ನಕ್ಕಿದ್ದ ಕೂಡ.

ವಿಚಾರಣೆಗೆ ಬಂದ ಅಧಿಕಾರಿಣಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು.

"ನಾಲ್ಕು ಉತ್ತರ ಬಂತಾ?"

"ಬಂತು."

"ನೀವು ಉತ್ತರ ಕೊಟ್ರಾ?"

"ಕೊಟ್ಟೆ."

ಎಷ್ಟು ಸಲ ಎಂದು ಕೇಳಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಕೈ ಒಳಗಿಟ್ಟುಕೊಂಡೇ ಎರಡು ಎಂದವನು ಎಂದು ಭಾವನ ಹೆಸರಿನ ಮುಂದೆ ಬರೆದುಕೊಂಡು ಅವರು ಹೋದರು.

ಸೋಮವಾರಕ್ಕೆ ಮೊದಲು ಹೇಳಿಬಿಡಬೇಕು ಎಂದು ತುದಿಯಣ್ಣ ಭಾನುವಾರ ತಂಗಿಯ ಮನೆಗೆ ಹೋದ. ಕದ್ದ ಮಾಲಿನ ಮುಂದೆ ಕೂತು ಮಾಲೀಕನ ದುಃಖ ಕೇಳುವುದು ತನ್ನಿಂದಾಗದು ಎಂದು ದಾರಿಯುದ್ದಕ್ಕೂ ಅಂದುಕೊಂಡ. ತಂಗಿ ಕಿಟಕಿಯ ಬೆಳಕಿಗೆ ಕೂತು ಹಳದಿ ಕೋಟಿನ ಬಲತೋಳನ್ನು ಕತ್ತರಿಸಿ ಅಂಚು ಮಡಿಸುತ್ತಿದ್ದಳು. ಭಾವ ಮಂಚದ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದ.

"ಬಾ ಅಣ್ಣ, ಸೂಜಿಗೆ ದಾರ ಹಾಕ್ಕೊಡು. ನನ್ನ ಕಣ್ಣು ಕೈ ಕೊಡ್ತಿದೆ."

"ಕೈ ಕೊಡೋ ಮಾತು ಈ ಮನೇಲಿ ಆಡ್ಬೇಡ," ಎಂದ ಭಾವ ತಲೆ ಎತ್ತದೆ.

"ನೀವು ಆಡಿದ್ದು ಸಾಕಾಗಿಲ್ವಾ? ಮೂರಕ್ಷರ. ಅಷ್ಟನ್ನ ಬಾಯಲ್ಲೇ ಇಟ್ಕೊಂಡಿದ್ರೆ ಕೈ ಉಳೀತಿತ್ತು." ಬೈಗುಳಕ್ಕೆ ಬಿಸಿ ಇರಲಿಲ್ಲ; ದಿನಾ ಹೇಳಿ ಸವೆದುಹೋಗಿತ್ತು. "ನಾಳೆ ಮುಂದೇನೇ ಕೂತ್ಕೋ ಅಣ್ಣ. ಗೊತ್ತಿರೋ ಮುಖ ಇದ್ರೆ ಅವರಿಗೆ ಧೈರ್ಯ."

ತುದಿಯಣ್ಣ ದಾರದ ತುದಿಯನ್ನು ಎಂಜಲಲ್ಲಿ ನೆನೆಸಿ ಸೂಜಿಯ ಕಣ್ಣಿಗೆ ಹಿಡಿದ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಹೋಯಿತು. ಸೂಜಿ ಕೊಟ್ಟು, ಕೆಲಸವಿದೆ ಎಂದು ಎದ್ದುಬಂದ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ, ಪೆಟ್ರೋಲಿನ ಡಬ್ಬಿಗಳ ನಡುವೆ, ಮೂವರು ಕುರ್ಚಿಗಳಲ್ಲಿ ಕೂತರು. ಭಾವನ ಜಾಗಕ್ಕೆ ಬಂದಿದ್ದ ಹೊಸಬ, ಮೊದಲು ಲಾರಿ ಓಡಿಸುತ್ತಿದ್ದ ನಡುವಯಸ್ಸಿನವನು, ಬಾಗಿಲಿಗೆ ಒರಗಿ ನಿಂತ. ಭಾವ ಚೆನ್ನಾಗಿ ಮಾತಾಡಿದ. ಎಷ್ಟೋ ತಂಡಗಳ ಮುಂದೆ ಹೇಳಿ ಹೇಳಿ ಮಾತು ನುಣುಪಾಗಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ನಗಿಸಬೇಕು ಎಂದು ತಿಳಿದಿತ್ತು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಂದು ಆಡಿದ್ದೂ ಹೋಯ್ತು, ಆಡಿಸ್ತಿದ್ದದ್ದೂ ಹೋಯ್ತು." ಅರ್ಧ ತೋಳನ್ನು ಎತ್ತಿ ತೋರಿಸಿದ. "ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ಕೈ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಎರಡು ಅಂದೆ. ನಾನೇ ಅಂದೆ."

ಮುದುಕ ಕಣ್ಣೊರೆಸಿಕೊಂಡ. ತುದಿಯಣ್ಣ ಮುಂದೆಯೇ ಕೂತಿದ್ದ. ಭಾವ ಅವನನ್ನು ಒಂದು ಸಲವೂ ನೋಡಲಿಲ್ಲ.

ಒಂದು ಗಂಟೆಯ ನಂತರ ತುದಿಯಣ್ಣ ವಿದ್ಯುತ್ ತಂತಿಗಳ ಪಕ್ಕದ ಮರವೊಂದರ ಮೇಲಿದ್ದ. ಅಂದು ಗಾಳಿ ಇರಲಿಲ್ಲ, ಗರಗಸ ನಿಂತಿತ್ತು, ಕಿವಿಮುಚ್ಚಿಗೆ ಹಣೆಯ ಮೇಲಿತ್ತು. ಕೆಳಗೆ ಯಂತ್ರ ಸಿಕ್ಕಿಕೊಂಡಿತು. "ಕೈ?" ಎಂಬ ಕೂಗು. ಎರಡು, ಒಂದೂವರೆ, ಎರಡು. ಆಮೇಲೆ ಮತ್ತೆ ಹೊಸಬನದೇ ದನಿ, ಯಾವ ಹಿಂಜರಿಕೆಯೂ ಇಲ್ಲದೆ: "ಮರದ ಮೇಲಿನದೂ ಎರಡು." ಉರುಳೆಗಳು ತಿರುಗಿದವು.

ಪಾಠ ಕೇಳಿದ ಕಿವಿಯಲ್ಲಿ ಪಾಠದ ಸದ್ದು ಇನ್ನೂ ಆರಿರಲಿಲ್ಲ. ತಪ್ಪು ಯಾವುದೆಂದು ಹೇಳದ ಪಾಠ ಅದು. ತುದಿಯಣ್ಣ ಅರ್ಧ ಕಡಿದ ಕೊಂಬೆಯನ್ನು ಹಗ್ಗಕ್ಕೆ ಬಿಗಿದು ಇಳಿದುಬಂದ. ಕೆಲಸ ನೋಡಲು ತಂಡದ ಹಿಂದೆಯೇ ಬಂದಿದ್ದ ಭಾವ ರಸ್ತೆಯ ಆ ಬದಿ ಕಂಪನಿಯ ವ್ಯಾನಿನಲ್ಲಿ ಕೂತು ಎಡಗೈಯಿಂದ ವರದಿ ತುಂಬುತ್ತಿದ್ದ. ತುದಿಯಣ್ಣ ಬಾಗಿಲು ತೆಗೆದು ಪಕ್ಕದಲ್ಲಿ ಕೂತ.

"ಭಾವ, ಅವತ್ತು ಎರಡು ಅಂದಿದ್ದು ನೀನಲ್ಲ. ನಾನು."

ಭಾವ ಬರೆಯುತ್ತಿದ್ದ ಸಾಲನ್ನು ಮುಗಿಸಿದ.

"ಗೊತ್ತು."

ವ್ಯಾನಿನ ಗಾಜಿನ ಮೇಲೆ ಮರದ ಪುಡಿ ಕೂತಿತ್ತು. ತುದಿಯಣ್ಣ ಅದನ್ನೇ ನೋಡಿದ.

"ಉರುಳೆಗೆ ಹುರಿ ಸುತ್ತಿಕೊಂಡಿತ್ತು," ಎಂದ ಭಾವ. "ಒಂದು ಕೊನೆ ಹಲ್ಲಲ್ಲಿ ಕಚ್ಚಿ ಎಳೀತಿದ್ದೆ. ಹಲ್ಲು ಕಚ್ಚಿಕೊಂಡವನು ಎರಡು ಅನ್ನೋದು ಹೇಗೆ? ನನ್ನ ದನಿ ನನ್ನ ಹಿಂದಿನಿಂದ ಬಂತು. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ನಿನ್ನ ತಂಗಿ ಹೇಳಿದಳು, ನೀವೇ ಅಂದ್ರಂತಲ್ಲ, ಅಣ್ಣ ಹೇಳಿದ ಅಂತ. ಸರಿ, ಬರ್ತಾನೆ, ಬಂದು ಹೇಳ್ತಾನೆ ಅಂದ್ಕೊಂಡೆ. ನೀನು ದಿನಾ ಬಂದೆ. ಹಣ್ಣು ತಂದೆ."

"ಹೇಳಬೇಕು ಅಂತಾನೇ..."

"ಆಮೇಲೆ ಕಂಪನಿಯವರು ಬಂದ್ರು. ನಿನ್ನ ತಪ್ಪು ನೀನೇ ಹೇಳೋದಾದ್ರೆ ಕೆಲಸ ಇದೆ ಅಂದ್ರು. ಒಂದು ಕೈಯವನಿಗೆ ಇನ್ಯಾರು ಕೊಡ್ತಾರೆ?"

"ಈಗ ಹೇಳ್ತೀನಿ. ಮೇಸ್ತ್ರಿಗೆ, ಆ ಮೇಡಂಗೆ, ತಂಗಿಗೆ. ಈಗ ತಾನೇ ಕೇಳಿದ್ಯಲ್ಲ, ಅವನೂ ನನ್ನ ಪರವಾಗಿ ಕೂಗಿದ. ಪಾಠ ಮಾಡಬೇಕಾದ್ದೇ ಅದನ್ನ."

"ಕೇಳಿದೆ. ಎಲ್ಲ ತಂಡದಲ್ಲೂ ಹಾಗೇ ಕೂಗ್ತಾರೆ, ಹೋದಲ್ಲೆಲ್ಲ ಕೇಳ್ತೀನಿ." ಭಾವ ಮೊದಲ ಸಲ ಅವನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ಹಿಂದೆಯೇ ಲೆಕ್ಕ ಮುಗಿಸಿ ಎದ್ದುಹೋದವನ ನಿರಾಳವಿತ್ತು. "ಎಂಟು ತಿಂಗಳ ಹಿಂದೆ ಹೇಳಿದ್ರೆ ಅದು ನಿಜ. ಈಗ ಹೇಳಿದ್ರೆ ನಾನು ಸುಳ್ಳುಗಾರ, ನಾಳೆಯಿಂದ ಮನೇಲಿ. ನಿನ್ನ ತಂಗಿಗೆ ಬೈಯೋಕೆ ನಾನಿದ್ದೀನಿ, ಇದು ಗೊತ್ತಾದ್ರೆ ಅವಳ ಪಾಲಿಗೆ ಅಣ್ಣನೂ ಇರಲ್ಲ. ಕೈ ಅಂತೂ ಹೋಯ್ತು ಭಾವ. ಕತೆನಾದ್ರೂ ನಂಗೆ ಬಿಡು."

ಭಾವ ಮತ್ತೆ ವರದಿಯ ಕಡೆ ಬಾಗಿದ. ಬಾಗಿಲು ಹಾಕಿಕೊಂಡು ಹೋಗು, ಹೊಗೆ ಬರುತ್ತೆ, ಎಂದ.

ಅಂದಿನಿಂದ ತುದಿಯಣ್ಣ ಹೊಸ ಹಟ ಹಿಡಿದ. ತನ್ನ ಪರವಾಗಿ ಯಾರೂ ಕೂಗಕೂಡದು. ಯಂತ್ರ ಸಿಕ್ಕಿಕೊಂಡಾಗ ಹಗ್ಗ ಜಗ್ಗಿ ತಿಳಿಸಬೇಕು. ತಾನು ಇಳಿದುಬಂದು, ಮೇಸ್ತ್ರಿಯ ಕಣ್ಣಿಗೆ ಕಾಣುವಂತೆ ನಿಂತು, ಎರಡು ಎನ್ನಬೇಕು. ಉಳಿದವರೂ ಹಾಗೇ ಬಂದು ನಿಲ್ಲಬೇಕು.

"ಐವತ್ತು ಅಡಿಯಿಂದ ಇಳಿದು ಬಂದು ಎರಡು ಅಂತೀಯಾ? ಮೂರಕ್ಷರಕ್ಕೆ?" ಎಂದ ಮೇಸ್ತ್ರಿ.

"ಹೂಂ."

"ಯಾಕೆ, ನಮ್ಮ ದನಿ ಚೆನ್ನಾಗಿಲ್ವಾ?" ಎಂದು ಹೊಸಬ ನಕ್ಕ.

ಯಾಕೆ ಎಂಬುದಕ್ಕೆ ತುದಿಯಣ್ಣನ ಬಳಿ ಒಂದೇ ಉತ್ತರವಿತ್ತು. ಅದು ಈಗ ಭಾವನದಾಗಿತ್ತು, ತನ್ನದಾಗಿ ಉಳಿದಿರಲಿಲ್ಲ. ಭಯ ಹೊಕ್ಕಿದೆ ಎಂದರು. ಭಾವನ ಕೈ ಹೋದದ್ದು ಈಗ ಮೈಗೆ ಬಂದಿದೆ ಎಂದರು. ಮುದುಕ ಒಬ್ಬ ಮಾತ್ರ ಪ್ರತಿ ಸಲವೂ ಮೇಸ್ತ್ರಿಯ ಎದುರು ಬಂದು ನಿಲ್ಲುತ್ತಿದ್ದ. ದಿನಕ್ಕೆ ಎಂಟು ಮರವಾಗುತ್ತಿದ್ದದ್ದು ಐದಕ್ಕಿಳಿಯಿತು. ಕಾರಿನ ಹಾರ್ನು ಹೊಡೆಯುವವರು ಹೆಚ್ಚಾದರು. ಆರನೆಯ ವಾರ ಮೇಸ್ತ್ರಿ ಅವನನ್ನು ಶೆಡ್ಡಿನ ಮೂಲೆಗೆ ಕರೆದ.

"ನಿನ್ನ ಮೊಣಕಾಲಿಗೂ ವಯಸ್ಸಾಯ್ತು. ಇನ್ಮೇಲೆ ಅಂಗಳದಲ್ಲಿರು. ಗರಗಸ ಚೂಪು ಮಾಡು, ಪುಡಿ ಮೂಟೆ ಕಟ್ಟಿಸು. ಹೊಸ ಹತ್ತುವವನು ನಾಳೆ ಬರ್ತಾನೆ. ಗಟ್ಟಿಗ, ಬೆಳಿಗ್ಗೆ ಹತ್ತಿದ್ರೆ ಸಂಜೆಗೇ ಇಳಿಯೋದು."

"ಅವನ ಪರವಾಗಿ ಯಾರು ಕೂಗ್ತಾರೆ?"

"ಯಾರೋ ಒಬ್ಬರು ಕೂಗ್ತಾರೆ. ಯಾಕೆ?"

ತುದಿಯಣ್ಣ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನಿಜಕ್ಕೂ ಉತ್ತರಕ್ಕೆ ಕಾಯುತ್ತಿದ್ದ; ಎಷ್ಟೋ ತಿಂಗಳಿಂದ ತಮಾಷೆ ಬಿಟ್ಟು ಯಾರೂ ಕೇಳದ ಪ್ರಶ್ನೆಯನ್ನು ಈಗ ಒಬ್ಬ ಕೇಳಿ, ಅವಸರವಿಲ್ಲದೆ ಎದುರು ನಿಂತಿದ್ದ.

"ಏನಿಲ್ಲ," ಎಂದ ತುದಿಯಣ್ಣ. "ಸುಮ್ಮನೆ ಕೇಳಿದೆ."