ಕೆಳಗಿನ ಮೂಲೆಯ ಮೊಟ್ಟೆ

ಅಗೋ, ಕೆಳಗಿನ ಮೂಲೆಯಲ್ಲಿ, ಹೊಂಬಣ್ಣದ್ದು, ಅಂಚೆಲ್ಲ ಗಂಟುಗಂಟು — ಇಲ್ಲ, ಇರಲಾರದು, ಗಾಳಿಗುಳ್ಳೆಯೇ ಇರಬೇಕು, ಆದರೆ ಗುಳ್ಳೆಗೆ ಗಂಟುಗಳೆಲ್ಲಿಂದ ಬಂದಾವು, ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಒರೆಸಿಕೊಂಡಳು, ಮತ್ತೆ ಬಗ್ಗಿದಳು, ಅಲ್ಲೇ ಕೂತಿದೆ, ಜಂತುಹುಳುವಿನ ಮೊಟ್ಟೆ, ಅದೂ ಬೇರೆ ಯಾರ ಡಬ್ಬಿಯದೂ ಅಲ್ಲ, ಅವಳದೇ. ಹುಳುವಿಲ್ಲದವರ ಮಲ ಹೇಗೆ ಕಾಣುತ್ತದೆಂದು ಹೋಲಿಸಿ ನೋಡಲು ಬೆಳಗ್ಗೆ ಮನೆಯಿಂದ ತಂದದ್ದು, ತನ್ನದನ್ನು ಬಿಟ್ಟು ಇನ್ಯಾರದನ್ನು ನಂಬುವುದು, ಸೋಪನ್ನೂ ಸೋಪು ಹಾಕಿ ತೊಳೆಯೋಳು ಕಣೇ ನೀನು ಎಂದು ಗಂಡ ಗೇಲಿ ಮಾಡುತ್ತಾನೆ, ಸೊಪ್ಪು ಮೂರು ಸಲ ತೊಳೆದಾಯ್ತಲ್ಲೇ ತಾಯಿ, ಇನ್ನು ಅದರ ಬಣ್ಣ ಹೋಗೋದೊಂದು ಬಾಕಿ ಎಂದು ಅತ್ತೆ ಗೊಣಗುತ್ತಾರೆ. ಹೋಲಿಸುವ ಕರ್ಮವಾದರೂ ಯಾಕೆ ಬಂತು, ನಿನ್ನೆ ಡಾಕ್ಟರು ಪಟ್ಟಿ ನೋಡಿ ಹುಬ್ಬೇರಿಸಿದ್ದರಿಂದ ತಾನೇ, ಹುಳದ ಸರ್ವೆಗೆಂದು ಬಡಾವಣೆಯಿಂದ ಬಂದ ನೂರೆಂಬತ್ತು ಡಬ್ಬಿಗಳಲ್ಲಿ ಅರವತ್ತೊಂದರಲ್ಲಿ ಹುಳ, ಮೂರು ಜನಕ್ಕೆ ಒಬ್ಬರಾ, ಅಂಗಡಿಯವ್ರು, ಮೇಷ್ಟ್ರು, ಎಲ್ಲ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದಾರಲ್ಲಮ್ಮ, ಗುಳ್ಳೆ ಎಣಿಸಿದ್ದೀಯೋ ಏನೋ, ಇನ್ನೊಂದ್ಸಲ ನೋಡು, ಇಲ್ದಿದ್ರೆ ಇಡೀ ಸರ್ವೆ ಬೇರೆಯವರ ಕೈಲಿ ಮಾಡಿಸ್ಬೇಕಾಗುತ್ತೆ ಎಂದಿದ್ದರು. ಅವರದೇನು ತಪ್ಪು, ಲ್ಯಾಬ್ ಕೆಲಸ ಸಂಜೆ ಕ್ಲಾಸಿನಲ್ಲಿ ಕಲಿತವಳು, ಇಪ್ಪತ್ತು ಜನಕ್ಕೆ ಒಂದೇ ಮೈಕ್ರೋಸ್ಕೋಪು, ಸರದಿ ಬರುವಷ್ಟರಲ್ಲಿ ಬಸ್ಸಿನ ಹೊತ್ತು, ಒಂದು ಕಾಲು ಬಾಗಿಲಿನ ಕಡೆ ಇಟ್ಟುಕೊಂಡು ಕಲಿತ ಕಣ್ಣು — ಈಗಂತೂ ಎರಡೇ ದಾರಿ, ಒಂದೋ ಕಣ್ಣು ಸುಳ್ಳು, ಅರವತ್ತೊಂದೂ ಸುಳ್ಳು, ಇಲ್ಲವೇ ಹೊಟ್ಟೆಯಲ್ಲಿ ಹುಳ. ಹುಳವೇ ಇರಲಪ್ಪಾ ದೇವರೇ, ಒಂದಲ್ಲ ಹತ್ತಿರಲಿ, ಇಂಥ ಬೇಡಿಕೆ ಈವರೆಗೆ ಯಾವ ದೇವರ ಕಿವಿಗೂ ಬಿದ್ದಿರಲಾರದು.

ಸಾರ್, ಇದೊಂದು ನೋಡ್ತೀರಾ, ಯಾರದೆಂದು ಹೇಳಲಿಲ್ಲ, ಡಾಕ್ಟರು ಕನ್ನಡಕ ಹಣೆಗೇರಿಸಿ ಬಗ್ಗಿದ್ದಾರೆ, ತಿರುಪು ಆ ಕಡೆ, ತಿರುಪು ಈ ಕಡೆ, ಕೆಳಗಿನ ಮೂಲೆ ಸಾರ್, ಹೊಂಬಣ್ಣದ್ದು — ಮೊಟ್ಟೆನೇ ಕಣಮ್ಮ, ಅನುಮಾನವೇ ಇಲ್ಲ, ಯಾರದಿದು? ನಂದೇ ಸಾರ್! ಎಷ್ಟು ಜೋರಾಗಿ ಹೇಳಿಬಿಟ್ಟಳು, ಬಹುಮಾನಕ್ಕೆ ಹೆಸರು ಕೂಗಿದ ಹಾಗೆ, ನಾಚಿಕೆ ಆಮೇಲೆ ಬರಲಿ. ಹಾಗಾದ್ರೆ ನಿನ್ನ ಪಟ್ಟಿ ಸರಿ ಇದೆ, ಅರವತ್ತೆರಡು ಅಂತ ಬರ್ಕೋ. ಆಗಲ್ಲ ಸಾರ್, ನಮ್ಮನೆ ಆ ಬಡಾವಣೇಲಿಲ್ಲ, ಸೇರಿಸೋ ಹಾಗಿಲ್ಲ. ಡಾಕ್ಟರು ಮೇಜು ಹಿಡಿದುಕೊಂಡು ನಕ್ಕರು, ನಗುನಗುತ್ತಲೇ ಕೈ ತಮ್ಮ ಹೊಟ್ಟೆಯ ಮೇಲೆ ಹೋಯಿತು, ನಗು ಅಲ್ಲಿಗೇ ನಿಂತಿತು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು, ನಂಗೂ ಒಂದು ಖಾಲಿ ಡಬ್ಬಿ ಕೊಡಮ್ಮ, ಮೇಲೆ ಹೆಸರು ಬರೀಬೇಡ. ಅವರು ಹೋದರು, ಜೇಬು ಉಬ್ಬಿದೆ, ಪಾಪ, ತಾನೂ ಗುಳಿಗೆ ನುಂಗಬೇಕು, ಇವತ್ತೇ, ಗಂಡನಿಗೂ ಒಂದು, ಅತ್ತೆಗೂ ಒಂದು, ಅತ್ತೆಗೆ ಯಾವ ಬಾಯಲ್ಲಿ ಹೇಳುವುದು, ಸೊಪ್ಪು ಇನ್ನು ನಾಲ್ಕು ಸಲ, ಆದರೆ ಮೈಕ್ರೋಸ್ಕೋಪಿನಡಿಯ ಗಾಜು ತೊಳೆಯುವ ಮೊದಲು ಇನ್ನೊಂದು ಸಲ, ಒಂದೇ ಒಂದು ಸಲ — ಕೆಳಗಿನ ಮೂಲೆಯಲ್ಲಿ, ಹೊಂಬಣ್ಣದ್ದು, ಅಂಚೆಲ್ಲ ಗಂಟುಗಂಟು.