ಜಾಗ ತಿಳಿಯದ ಸೋಂಕು

ಅಮೆರಿಕದ ಯಾವುದೋ ಊರಿನ ಯಾವನೋ ಮುದುಕನ ಎಡಗಾಲಿನ ಬೆರಳು ಬಾತುಕೊಂಡರೆ ಅದಕ್ಕೊಂದು ಸಂಕೇತವಿದೆ. ಬಲಗಾಲಾದರೆ ಬೇರೆ ಸಂಕೇತ. ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ದಿನಕ್ಕೆ ಅಲ್ಲಿನ ಆಸ್ಪತ್ರೆಗಳ ಅರವತ್ತು ಕೇಸ್‌ಪೇಪರ್ ಓದಿ, ರೋಗಗಳಿಗೆ ಸಂಕೇತ ಹಚ್ಚಿ ಬಿಲ್ಲಿಗೆ ಕಳಿಸುವುದು ನನ್ನ ಕೆಲಸ. ಹತ್ತು ವರ್ಷವಾಯಿತು. ನಾನು ಏನು ಮಾಡುತ್ತೇನೆಂದು ಓಣಿಯವರಿಗೆ ಇನ್ನೂ ತಿಳಿದಿಲ್ಲ. ತಿಳಿಸಿ ಹೇಳುವ ತಾಳ್ಮೆ ನನಗೂ ಇಲ್ಲ.

ಹಾಗಾಗಿ ನಮ್ಮೂರ ದವಾಖಾನೆಯಲ್ಲಿ ಅವ್ವನ ಕೇಸ್‌ಪೇಪರ್ ಕೈಗೆ ಬಂದಾಗ ಮೈಯೆಲ್ಲ ಉರಿಯಿತು. ಭೀಮಾಬಾಯಿ, ಎಪ್ಪತ್ತೊಂದು ವರ್ಷ, ಐದು ದಿನದಿಂದ ಚಳಿಜ್ವರ. ರೋಗ ಎಂಬಲ್ಲಿ ಡಾಕ್ಟರ್ ಗುರುಸಂಗಪ್ಪ ಬರೆದದ್ದು ಎರಡೇ ಶಬ್ದ: ಬ್ಯಾಕ್ಟೀರಿಯಾ ಸೋಂಕು. ಯಾವ ಬ್ಯಾಕ್ಟೀರಿಯಾ, ಮೈಯಲ್ಲಿ ಎಲ್ಲಿ, ಒಂದೂ ಇಲ್ಲ. ನಮ್ಮ ಪುಸ್ತಕದಲ್ಲಿ ಇದಕ್ಕೆ ಎ 49.9 ಎಂಬ ಸಂಕೇತ. ಏನೂ ಗೊತ್ತಾಗದಿದ್ದಾಗ ಹಚ್ಚುವ ಸಂಕೇತ ಅದು. ಸೋಂಕಿನ ಜಾಗ ತಿಳಿಸಿ ಎಂದು ವಿಮಾ ಕಂಪನಿ ಕಾಗದವನ್ನು ವಾಪಸು ಕಳಿಸಿತ್ತು. ಕಂಪನಿಯ ಚಿಂತೆ ನನಗಿರಲಿಲ್ಲ. ಜಾಗ ಸಿಗದೆ ಜ್ವರ ಇಳಿಯದು ಎಂಬುದೇ ನನ್ನ ಹೆದರಿಕೆ.

"ಡಾಕ್ಟರ್ರ, ಇದೇನ್ರಿ ಇದು? ಸೋಂಕು ಎಲ್ಲೆ ಆಗೇದ ಅಂತ ಬರೀರಿ," ಎಂದು ಜಗಳಕ್ಕೇ ನಿಂತೆ.

"ಗೊತ್ತಾದ್ರ ಬರೀತೀನಿ ಪ್ರಹ್ಲಾದ. ಎಕ್ಸ್‌ರೇ ಚಲೋ ಐತಿ, ಮೂತ್ರ ಚಲೋ ಐತಿ. ರಕ್ತದಾಗ ಬಿಳಿ ಕಣ ಮಾತ್ರ ಭಾಳ ಏರ್‍ಯಾವು. ರಕ್ತಾನ ಲ್ಯಾಬಿನ್ಯಾಗ ಇಟ್ರ ಯಾವ ಬ್ಯಾಕ್ಟೀರಿಯಾನೂ ಬೆಳೀಲಿಲ್ಲ. ಇಲ್ಲಿಗೆ ಬರೂಕಿಂತ ಮೊದಲ ಅಂಗಡಿ ಆಂಟಿಬಯಾಟಿಕ್ ಗುಳಿಗಿ ನುಂಗಿಸಿ ಅವನ್ನ ಅಡಗಿಸಿದವರು ಯಾರು?"

ನಾನೇ.

"ಏನ್ ಕೇಳಿದ್ರೂ ನಿಮ್ಮ ತಾಯಿ ಏನಿಲ್ಲ ಅಂತಾರ. ಮೈ ಮುಟ್ಟಗೊಡೂದಿಲ್ಲ. ಸೀರಿ ಮ್ಯಾಲೇ ಸ್ಟೆಥಾಸ್ಕೋಪ್ ಇಟ್ಟು ನೋಡೇನಿ. ನಾಳಿ ಮಧ್ಯಾಹ್ನದೊಳಗ ಜ್ವರ ಇಳೀಲಿಲ್ಲಂದ್ರ ಹುಬ್ಬಳ್ಳಿಗೆ ಒಯ್ಯಬೇಕಾಗ್ತೈತಿ. ಈ ವಯಸ್ಸಿನ್ಯಾಗ ರಕ್ತಕ್ಕ ನಂಜು ಹತ್ತಿದ್ರ ಉಳಿಸೂದು ಕಷ್ಟ."

ವಾರ್ಡಿಗೆ ಹೋದರೆ ನರ್ಸ್ ಅನಿತಾಳದು ಬೇರೆ ದೂರು. ಚಿಕ್ಕನರಗುಂದದವಳು, ನನ್ನಷ್ಟೇ ವಯಸ್ಸು, ಬಾಯಿ ಜೋರು. "ಅಜ್ಜಿ ಗೌನ್ ಹಾಕ್ಕೊಳ್ಳಾಕ ಒಲ್ಲೆ ಅಂತಾರ್ರಿ. ಮೈ ಒರಸ್ತೀನಿ ಅಂದ್ರ, ನಾ ಮಡೀಲೆ ಇದ್ದೀನಿ, ದೂರ ಸರಿ ಅಂತಾರ. ದವಾಖಾನ್ಯಾಗ ಎಂಥಾ ಮಡಿರಿ?"

ನಿಜಕ್ಕೂ ಸಲೈನ್ ಬಾಟಲಿಯ ಕಂಬದ ಮೇಲೆ ಅವ್ವನ ಮಡಿಸೀರೆ ಒಣಗುತ್ತಿತ್ತು. ಉಟ್ಟ ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಸುತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಎಲ್ಲೆ ನೋಯ್ತದ ಹೇಳವಾ."

"ಎಲ್ಲೂ ಇಲ್ಲೋ. ವಾಯು ಇರಬೇಕು. ನೀ ಊಟಾ ಮಾಡಿದ್ಯೋ ಇಲ್ಲೋ?"

ಹೆಂಡತಿ ದೀಪಶ್ರೀ ಪರೀಕ್ಷಾ ಕೆಲಸಕ್ಕೆಂದು ಗಜೇಂದ್ರಗಡದಲ್ಲಿದ್ದಳು. ಅವಳಿಂದ ಫೋನಿನಲ್ಲಿ ಕೇಳಿಸಿದೆ. ಅವಳಿಗೂ ಅದೇ ವಾಯುವಿನ ಉತ್ತರ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ತಲೆ ಕೆಟ್ಟು ಗೊಬ್ಬರವಾಗಿತ್ತು. ಪಿತ್ತಕೋಶವೇ? ಹಲ್ಲಿನ ಬೇರೇ? ಕಿವಿಯೇ? ಒಂದೊಂದಕ್ಕೂ ಸಂಕೇತ ನೆನಪಾಗುತ್ತಿತ್ತು, ಅವ್ವ ಮಾತ್ರ ಯಾವುದಕ್ಕೂ ಹೊಂದುತ್ತಿರಲಿಲ್ಲ. ಅವಳಿಗೆ ಹಲ್ಲು ಎಷ್ಟು ಉಳಿದಿವೆ, ಹಿಂದೆ ಎಂದಾದರೂ ಆಪರೇಷನ್ ಆಗಿತ್ತೇ, ನನಗೆ ಗೊತ್ತಿರಲಿಲ್ಲ. ಭರ್ತಿ ಮಾಡುವಾಗ ಅನಿತಾ ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಪೆದ್ದನ ಹಾಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದಿದ್ದೆ.

ನಮ್ಮ ಕೆಲಸದಲ್ಲಿ ಊಹೆ ಮಾಡುವಂತಿಲ್ಲ. ಡಾಕ್ಟರು ಬರೆದದ್ದು ಸ್ಪಷ್ಟವಿಲ್ಲದಿದ್ದರೆ ಅವರಿಗೊಂದು ಪ್ರಶ್ನೆಪಟ್ಟಿ ಕಳಿಸುತ್ತೇವೆ. ಉತ್ತರ ಬಾಯಿಗೆ ತುರುಕಬಾರದು; ನಾಲ್ಕಾರು ಆಯ್ಕೆ ಕೊಟ್ಟು, ಕೊನೆಗೆ 'ಇತರೆ' ಎಂಬ ಒಂದು ಮನೆ ಬಿಡಲೇಬೇಕು. ಬೇರೆ ದಾರಿ ತೋಚದೆ ವಿಮಾ ಕಂಪನಿಯ ಕಾಗದದ ಬೆನ್ನಿಗೆ ಅಂಥದೇ ಪಟ್ಟಿ ಬರೆದೆ. ಗಂಟಲು, ಹಲ್ಲು, ಕಿವಿ, ಹೊಟ್ಟೆ, ಬೆನ್ನು, ಕಾಲು. ಸ್ವಲ್ಪ ತಡೆದು, ಮೂತ್ರದ ಜಾಗ ಎಂದೂ ಬರೆದೆ. ತಾಯಿಯ ಮುಂದೆ ಅಷ್ಟು ಧೈರ್ಯ ಮಾಡಿದೆನಲ್ಲ ಎಂದು ಹೆಮ್ಮೆಯೇ ಆಯಿತು. ಕೊನೆಗೆ ರೂಢಿಯಂತೆ 'ಇತರೆ'.

"ಅವ್ವಾ, ಬಾಯಿಲೆ ಏನೂ ಹೇಳಬ್ಯಾಡ. ಎಲ್ಲೆ ತ್ರಾಸ ಅದನೋ ಅದರ ಮುಂದ ಒಂದು ಗೀಟು ಹಾಕು. ನಾ ಹೊರಗ ಹೋಗ್ತೀನಿ."

ಅವ್ವ ಕಾಗದವನ್ನು ದೂರ ಹಿಡಿದು ಓದಿದಳು. "ಇದೇನೋ, ಸಾಲಿ ಪರೀಕ್ಷಾ ಇದ್ಧಂಗ ಅದ," ಎಂದಳು. ಐದು ದಿನದಲ್ಲಿ ಮೊದಲ ಸಲ ಅವಳ ತುಟಿ ನಕ್ಕಂತಾಯಿತು.

ಹೊರಗೆ ಬೆಂಚಿನ ಮೇಲೆ ಬೆಳವಣಕಿ ಊರಿನವರೊಬ್ಬರು ತಮ್ಮ ಮಂಡಿನೋವಿನ ಕಥೆ ತೆಗೆದರು. ಕಾಲು ಎಲ್ಲಿ, ಎಷ್ಟು, ಯಾವಾಗ ನೋಯುತ್ತದೆಂದು ಕೇಳದಿದ್ದರೂ ಹೇಳಿದರು. ಹೀಗೆ ಹೇಳುವವರೂ ಇದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಇಪ್ಪತ್ತು ನಿಮಿಷದ ಮೇಲೆ ಅನಿತಾ ಬಂದಳು. ಕಾಗದ ನಾಲ್ಕು ಮಡಿಕೆಯಾಗಿತ್ತು.

"ಮಗನ ಕೈಯಾಗೇ ಕೊಡು, ತಗದ ನೋಡಬ್ಯಾಡ ಅಂದಾರ್ರಿ."

ಬಿಡಿಸಿದೆ. ಗಂಟಲಿನಿಂದ ಹಿಡಿದು ಎಲ್ಲ ಮನೆಗಳೂ ಖಾಲಿ. 'ಇತರೆ' ಎಂಬುದರ ಮುಂದೆ ನಡುಗುವ ಗೀಟು. ಅದರ ಕೆಳಗೆ ಅವ್ವನ ಗುಂಡಗಿನ ಅಕ್ಷರ:

'ನಿನಗ ಹಾಲು ಕುಡಿಸಿದ್ದು, ಎಡಗಡಿ. ಗಂಟಾಗಿ ಕೀವು ಸೋರಲಿಕ್ಕೆ ಹತ್ತಿ ಎಂಟು ದಿನ ಆತು. ನಿನ್ನ ಪಟ್ಟಿಯೊಳಗ ಅದು ಇದ್ದಿಲ್ಲ.'

ಎನ್ 61.1. ಎಷ್ಟು ನೂರು ಹೆಂಗಸರ ಹೆಸರಿನ ಮುಂದೆ ಕಣ್ಣು ಮಿಟುಕಿಸದೆ ಹಚ್ಚಿದ್ದೆನೋ ಆ ಸಂಕೇತವನ್ನು. ಅವ್ವ ನಾಚಿಕೊಂಡಳು, ಮಡಿಯ ಹೆಸರು ಹೇಳಿದಳು ಎಂದು ಇಡೀ ದವಾಖಾನೆ ಅವಳನ್ನು ದೂರುತ್ತಿತ್ತು. ಆ ಒಂದು ಜಾಗವನ್ನು ಬಿಟ್ಟು ಪಟ್ಟಿ ಬರೆದವನು ನಾನು.

"ಏನ್ ಬರದಾರ್ರಿ? ಎಲ್ಲೆ ಅಂತರಿ?" ಅನಿತಾ ಅವಸರ ಮಾಡಿದಳು. "ಲಗೂ ಹೇಳ್ರಿ, ಹೆರಿಗಿ ವಾರ್ಡಿನ ಲೇಡಿ ಡಾಕ್ಟರ್ ಇನ್ನೂ ಅದಾರ, ಕರೀತೀನಿ."

ಹೇಳಲು ಬಾಯಿ ತೆರೆದೆ. ಆ ಶಬ್ದ ನನ್ನ ಬಾಯಿಂದಲೂ ಹೊರಡಲಿಲ್ಲ. ತಲೆ ತಗ್ಗಿಸಿ ಕಾಗದವನ್ನು ಅವಳ ಕೈಗೆ ಕೊಟ್ಟೆ.