ಬುಧವಾರದ ಬೆಳಗಿನ ಆಟ

ಮೂರು ಸಾಲು ಮುಂದೆ ಕುಳಿತು ನಗುತ್ತಿದ್ದ ಹೆಂಗಸು ತನ್ನ ಅಮ್ಮನೇ ಎಂದು ಖಾತ್ರಿಯಾದದ್ದೇ ತಡ, ತುಷಾರ್ ಕುರ್ಚಿಯಲ್ಲಿ ಕುತ್ತಿಗೆವರೆಗೂ ಜಾರಿದ. ಸೀರೆಯ ಮೇಲೆ ಅವನ ಹೆಂಡತಿ ಯಶ್ಮಿತಾಳ ಹಳೆಯ ನೀಲಿ ಕಾರ್ಡಿಗನ್, ಮುಡಿಯಲ್ಲಿ ಅದೇ ಕಪ್ಪು ಕ್ಲಿಪ್ಪು. ಪಕ್ಕದಲ್ಲಿ ಎದುರು ಮನೆಯ ಚಂದ್ರಿಕಾ ಆಂಟಿ. ಇಬ್ಬರೂ ದೇವಸ್ಥಾನದ ಭಜನೆಗೆಂದು ಹೇಳಿ ಹೊರಟವರು.

ಹಾಗೆ ನೋಡಿದರೆ ಅವನೂ ಆಫೀಸಿಗೆಂದು ಹೇಳಿ ಹೊರಟವನೇ. ಹೊರಗೆ ಮಳೆ, ಅವರ ಮನೆಯಿದ್ದ ಹೆಡಿಂಗ್ಲೀಯ ಲೈಬ್ರರಿಗೆ ಬುಧವಾರ ರಜೆ, ಬೆಚ್ಚಗೆ ಕೂರಲು ಸಿಕ್ಕಿದ್ದು ಹಳೆಯ ಸಿನಿಮಾ ತೋರಿಸುವ ಈ ಟಾಕೀಸು. ಲ್ಯಾಪ್‌ಟಾಪ್ ಬ್ಯಾಗು ಕಾಲಬುಡದಲ್ಲಿತ್ತು. ಒಳಗೆ ಒಂದು ಕೊಡೆ, ಒಂದು ಬಾಳೆಹಣ್ಣು.

ಅವನಿಗೆ ಆಫೀಸು ಅಂತ ಇಲ್ಲದೆ ಎಂಟು ತಿಂಗಳಾಗಿತ್ತು. ಕಂಪನಿ ಅವನ ತಂಡವನ್ನೇ ಮುಚ್ಚಿದ ವಾರ ಯಶ್ಮಿತಾಳಿಗೆ ದೂರದ ನಾಟಿಂಗ್‌ಹ್ಯಾಮಿನಲ್ಲಿ ದೊಡ್ಡ ಹುದ್ದೆ ಬಂತು. ಮನೆ ನಾನು ನೋಡಿಕೊಳ್ಳುತ್ತೇನೆಂದು ಅವನೇ ಹೇಳಿದ್ದ, ಸಂತೋಷದಿಂದಲೇ ಹೇಳಿದ್ದ. ಅಡುಗೆಯೂ ಅವನ ಕೈಗೆ ಚೆನ್ನಾಗಿ ಹತ್ತಿತ್ತು. ಆದರೆ ಉಡುಪಿಯಿಂದ ಅಮ್ಮ ಬರುತ್ತಾಳೆಂದಾಗ ಧೈರ್ಯ ಎಲ್ಲೋ ಸೋರಿಹೋಯಿತು. ಮಗ ಹೆಂಡತಿಯ ಸಂಬಳದಲ್ಲಿ ಕೂತು ತಿನ್ನುತ್ತಾನೆಂದು ಅವಳು ಕೊರಗಿದರೆ? ಆರು ವಾರ ತಾನೇ, ಹೇಗೋ ನಿಭಾಯಿಸೋಣ ಎಂದ ಈ ಮಹಾರಾಯ.

ನಿಭಾಯಿಸಿದವಳು ಯಶ್ಮಿತಾ. ಬೆಳಗ್ಗೆ ಐದಕ್ಕೆ ಎದ್ದು ತನಗೆ ಬಾರದ ಅಡುಗೆ ಮಾಡಿಟ್ಟು, ರೈಲು ಹಿಡಿದು, ಸಂಜೆ ಬಂದು ಮತ್ತೆ ಸೌಟು ಹಿಡಿಯುತ್ತಿದ್ದಳು. ನಿನ್ನೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿ, ಸಿಂಕಿನ ಮುಂದೆ ನಿಂತು ಅತ್ತುಬಿಟ್ಟಳು. ಅಮ್ಮನಿಗೆ ನೀನು ಹೇಳುತ್ತೀಯೋ, ಇಲ್ಲ ನಾನು ಕೆಲಸ ಬಿಡಲೋ ಎಂದು ಕೇಳಿದಳು. ಅದು ಬೆದರಿಕೆಯಲ್ಲ, ಸುಸ್ತು ಎಂದು ಅವನಿಗೆ ಗೊತ್ತಿತ್ತು.

ಪರದೆಯ ಮೇಲೆ ಕಪ್ಪು-ಬಿಳುಪಿನ ಗಂಡನೊಬ್ಬ ಏಪ್ರನ್ ಕಟ್ಟಿಕೊಂಡು ದೋಸೆಯಂಥದ್ದೇನನ್ನೋ ಕರಕಲು ಮಾಡುತ್ತಿದ್ದ. ಟೊಪ್ಪಿ ಹಾಕಿದ ಹೆಂಡತಿ ಎರಡು ಟೆಲಿಫೋನುಗಳಲ್ಲಿ ಒಟ್ಟಿಗೇ ಯಾರನ್ನೋ ಗದರುತ್ತಿದ್ದಳು. ಆ ಇಂಗ್ಲಿಷಿನ ಹತ್ತು ಮಾತಿನಲ್ಲಿ ಒಂದೂ ಅಮ್ಮನಿಗೆ ತಿಳಿಯುವಂತಿರಲಿಲ್ಲ. ಆದರೂ ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಅಮ್ಮ ಹೀಗೆ ನಕ್ಕದ್ದನ್ನು ತುಷಾರ್ ಕಂಡೇ ಇರಲಿಲ್ಲ.

ದೀಪ ಹತ್ತಿತು. ಓಡೋಣವೆಂದರೆ ಪಕ್ಕದ ಅಜ್ಜ ದಾರಿಗೆ ಅಡ್ಡ ನಿಂತು ಊರುಗೋಲು ಹುಡುಕುತ್ತಿದ್ದಾನೆ. ಅಮ್ಮ ತಿರುಗಿದಳು. ಅವಳ ಕೈಯಲ್ಲಿ ಟಿಕೆಟ್ಟಿನ ಜೊತೆ ಕೊಡುವ ಬಿಸ್ಕತ್ತಿನ ಪೊಟ್ಟಣಗಳು, ಒಂದಲ್ಲ ಎರಡು. ಚಂದ್ರಿಕಾ ಆಂಟಿ ಏನೋ ಕೆಲಸ ನೆನಪಾಯಿತೆಂದು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಭಜನೆ ಆಯ್ತಾ ಅಮ್ಮ?"

"ಆಯ್ತು. ನಿನ್ನ ಮೀಟಿಂಗು?"

ಬಸ್ ಸ್ಟಾಪಿನಲ್ಲಿ ಕುಳಿತು ಅವನು ಒಂದೂ ಬಿಡದೆ ಹೇಳಿದ, ಬಾಳೆಹಣ್ಣಿನವರೆಗೂ. ಅಮ್ಮ ರಸ್ತೆ ನೋಡುತ್ತ ಕೇಳಿಸಿಕೊಂಡಳು. ಒಂದು ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ.

"ಮನೆಕೆಲಸ ಮಾಡ್ಲಿಕ್ಕೆ ನಾಚಿಕೆಯಾ ನಿಂಗೆ?"

"ಮಾಡ್ಲಿಕ್ಕೆ ಅಲ್ಲ. ನಿನ್ನತ್ರ ಹೇಳ್ಲಿಕ್ಕೆ."

ಅಮ್ಮ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಹಾಗಾದ್ರೆ ನೀನು ವರ್ಷ ಪೂರ್ತಿ ಆ ಸಾರು ತಿನ್ನುದಲ್ಲ?"

"ಇಲ್ಲಮ್ಮ. ಅವಳು ಸೌಟು ಹಿಡಿದದ್ದೇ ನೀನು ಬಂದ ಮೇಲೆ."

ಅಮ್ಮ ಎದೆಯ ಮೇಲೆ ಕೈಯಿಟ್ಟು ಉಸ್ಸೆಂದಳು. ಮೂರು ವಾರದಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಆಗ ಹೊರಬಂತು: ಮಗನ ಗತಿ ಇಷ್ಟೇ ಎಂದು ಮರುಗಿದ್ದು, ಸೊಸೆ ನೊಂದಾಳೆಂದು ಕೇಳಿ ಕೇಳಿ ಬಡಿಸಿಕೊಂಡದ್ದು, ಮೊದಲ ಬುಧವಾರ ಸಿನಿಮಾಕ್ಕೆ ಬಂದದ್ದೂ ಬಿಸ್ಕತ್ತಿನ ಆಸೆಗೇ. "ಪಾಪ, ಆ ಹುಡುಗಿ," ಎಂದಳು. "ಬಂದ ದಿನವೇ ಹೇಳಿದ್ರೆ ಮೂರು ಜನವೂ ಹೊಟ್ಟೆ ತುಂಬ ತಿಂತಿದ್ದೆವಲ್ಲ ಮಾರಾಯ." ತುಷಾರನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

ಸಂಜೆ ಏಳಕ್ಕೆ ಬಾಗಿಲು ತೆಗೆದ ಯಶ್ಮಿತಾ ಕೋಟು, ಶೂ ಯಾವುದನ್ನೂ ಬಿಚ್ಚದೆ ನೇರ ಅಡುಗೆಮನೆಗೆ ನಡೆದಳು. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಪರಿಮಳ. ಒಲೆಯ ಮುಂದೆ ತುಷಾರ್. ಗಾಬರಿಯಿಂದ ಅತ್ತೆಯ ಕಡೆ ನೋಡಿದಳು. ಅತ್ತೆ ಅವಳ ಹೆಗಲಿನಿಂದ ಬ್ಯಾಗು ತೆಗೆದುಕೊಂಡು ಗೋಡೆಯ ಮೊಳೆಗೆ ಹಾಕಿದಳು.

"ಕೂತ್ಕೋ ಮಗಾ. ಅವ ಬಡಿಸ್ತಾನೆ."

ಯಶ್ಮಿತಾ ಕೋಟಿನಲ್ಲೇ ಕುಳಿತಳು. ಎರಡನೆಯ ತುತ್ತಿನ ಹೊತ್ತಿಗೆ ಮೇಜಿನ ಕೆಳಗೆ ಅವಳ ಶೂಗಳು ಒಂದಾದ ಮೇಲೊಂದು ಕಳಚಿ ಬಿದ್ದ ಸದ್ದು ಕೇಳಿಸಿತು.